ನಾರ್ಮಲ್ ಅಂದ್ರೆ ಯಾವ ಅಳತೆಗೆ?

ನಾವು ದಿನಕ್ಕೆ ಎಷ್ಟು ಸಲ ‘ನಾರ್ಮಲ್’ ಅಂತೀವಿ ಅಂತ ಒಮ್ಮೆ ಎಣಿಸಿ ನೋಡಿ. ಹೋಟೆಲಿನಲ್ಲಿ ‘ಫ್ರಿಜ್ಜಿಂದು ಬೇಡ, ನಾರ್ಮಲ್ ನೀರು ಕೊಡಿ’. ಊರಿಂದ ಫೋನ್ ಬಂದರೆ ‘ಅಪ್ಪನ ಬಿಪಿ ನಾರ್ಮಲ್’. ಅಕ್ಕನಿಗೆ ಮಗು ಆದರೆ ‘ನಾರ್ಮಲ್ ಡೆಲಿವರಿ’. ಪರೀಕ್ಷೆ ಹೇಗಿತ್ತು ಅಂತ ಕೇಳಿದರೆ ‘ನಾರ್ಮಲ್ ಆಗಿತ್ತು ಕಣೋ’. ಹಾಸ್ಟೆಲಿನಲ್ಲಿ ಯಾರಾದರೂ ಎರಡು ದಿನ ಮಾತಾಡದೆ ಕೂತರೆ ‘ಅವನ್ಯಾಕೋ ನಾರ್ಮಲ್ ಇಲ್ಲ’. ಕುಡಿಯುವ ನೀರಿನಿಂದ ಹಿಡಿದು ಮನುಷ್ಯರ ಮನಸ್ಸಿನ ತನಕ ಎಲ್ಲದಕ್ಕೂ ಒಂದೇ ಮಾತು. ಇಷ್ಟು ದುಡಿಯುವ ಇನ್ನೊಂದು ಗುಣವಾಚಕ ನಮ್ಮ ಇವತ್ತಿನ ಕನ್ನಡದಲ್ಲಿ ಸಿಗೋದು ಕಷ್ಟ.

ಈ ಪದವನ್ನು ಕನ್ನಡದಿಂದ ಓಡಿಸಬೇಕು ಅಂತ ಹೇಳೋಕೆ ನಾನು ಕೂತಿಲ್ಲ. ಬಸ್ಸು, ಪೆನ್ನು, ಲೈಟು ಎಲ್ಲಾ ನಮ್ಮವೇ ಆಗಿರುವಾಗ ಇದೊಂದರ ಮೇಲೆ ಯಾಕೆ ಸಿಟ್ಟು? ನನ್ನ ತಕರಾರು ಬೇರೆ. ನಾರ್ಮಲ್ ಅನ್ನೋ ಪದ ಒಂದೇ ಉಸಿರಲ್ಲಿ ಎರಡು ಕೆಲಸ ಮಾಡುತ್ತೆ. ‘ಸಾಮಾನ್ಯವಾಗಿ ಹೀಗಿರುತ್ತೆ’ ಅಂತಲೂ ಹೇಳುತ್ತೆ, ‘ಹೀಗೇ ಇರಬೇಕು’ ಅಂತಲೂ ಹೇಳುತ್ತೆ. ಮೊದಲನೆಯದು ಸುದ್ದಿ, ಎರಡನೆಯದು ತೀರ್ಪು. ಹೇಳುವವರು ಸುದ್ದಿ ಹೇಳಿರ್ತಾರೆ, ಕೇಳುವವರು ತೀರ್ಪು ಕೇಳಿಸಿಕೊಂಡಿರ್ತಾರೆ. ನೀರಿನ ವಿಷಯದಲ್ಲಿ ಇದರಿಂದ ಏನೂ ಹಾಳಾಗಲ್ಲ. ಮನುಷ್ಯರ ವಿಷಯದಲ್ಲಿ ಆಗುತ್ತೆ.

ಇದನ್ನು ಯೋಚಿಸೋಕೆ ಸಲ್ಮಾನಿಯಾಗಿಂತ ಒಳ್ಳೆ ಜಾಗ ಇಲ್ಲ. ಮನಾಮಾದ ಈ ಬಡಾವಣೆಯ ಹೆಸರು ಹೇಳಿದ ಕೂಡಲೇ ಬಹರೈನಿನಲ್ಲಿರುವ ಯಾರಿಗೂ ನೆನಪಾಗೋದು ಆಸ್ಪತ್ರೆಯೇ. ದೇಶದ ಪ್ರಮುಖ ಸರ್ಕಾರಿ ಆಸ್ಪತ್ರೆಯಾದ ಸಲ್ಮಾನಿಯಾ ಮೆಡಿಕಲ್ ಕಾಂಪ್ಲೆಕ್ಸ್ ಇರುವುದು ಇಲ್ಲಿ. ಅದರ ಮಗ್ಗುಲಲ್ಲೇ ಆರೋಗ್ಯ ವಿಜ್ಞಾನದ ಕಾಲೇಜು. ಇಂಥ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಅರಬ್ಬಿ, ಮಲಯಾಳ, ಉರ್ದು, ಬಂಗಾಳಿ, ತಗಾಲೊಗ್, ತುಳು, ಕನ್ನಡ ಎಲ್ಲವೂ ಕೇಳಿಸುತ್ತವೆ. ಕೂತವರ ಕೈಯಲ್ಲಿ ಒಂದೊಂದು ರಿಪೋರ್ಟು. ಎಲ್ಲರೂ ಕಾಯುತ್ತಿರುವುದು ಮಾತ್ರ ಒಂದೇ ಪದಕ್ಕೆ. ಡಾಕ್ಟರ ಬಾಯಿಂದ ‘ನಾರ್ಮಲ್’ ಅಂತ ಬಂದರೆ ಸಾಕು, ಮನೆಗೆ ಹೋಗಬಹುದು. ಆ ಪದ ಎಲ್ಲಿಂದ ಬಂತು, ಅದರ ಹೊಟ್ಟೆಯಲ್ಲಿ ಏನಿದೆ ಅಂತ ಸ್ವಲ್ಪ ನೋಡೋಣ.

ಬಡಗಿಯ ಕೈಯಿಂದ ಡಾಕ್ಟರ ಕೈಗೆ

ಲ್ಯಾಟಿನ್ ಭಾಷೆಯಲ್ಲಿ ‘ನೋರ್ಮಾ’ ಅಂದರೆ ಬಡಗಿಯ ಮೂಲೆಮಟ್ಟ. ಎರಡು ಪಟ್ಟಿಗಳನ್ನು ನೇರ ಕೋನಕ್ಕೆ ಜೋಡಿಸಿದ ಸಾಮಾನು. ಬಾಗಿಲ ಚೌಕಟ್ಟು ಮೂಲೆಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಇಟ್ಟು ನೋಡೋದು. ‘ನೋರ್ಮಾಲಿಸ್’ ಅಂದರೆ ಈ ಮೂಲೆಮಟ್ಟಕ್ಕೆ ಸರಿಹೊಂದಿದ್ದು. ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಮೂಲೆಮಟ್ಟ ಮಾಡುವ ಸುಲಭ ವಿಧಾನವನ್ನೂ ಹೇಳಿದ್ದಾನೆ: 3 ಅಡಿ, 4 ಅಡಿ, 5 ಅಡಿಯ ಮೂರು ಕೋಲು ತಗೊಂಡು ತುದಿಗೆ ತುದಿ ಸೇರಿಸಿ ತ್ರಿಕೋನ ಮಾಡಿ, ನೇರ ಕೋನ ತಾನೇ ಬರುತ್ತೆ. ಇದರ ಕೀರ್ತಿಯನ್ನು ಆತ ಪೈಥಾಗೊರಸನಿಗೆ ಕೊಡುತ್ತಾನೆ. ನಮ್ಮೂರಲ್ಲಿ ಮನೆ ಪಾಯಕ್ಕೆ ದಾರ ಹಿಡಿಯುವ ಗಾರೆ ಮೇಸ್ತ್ರಿಗೆ ವಿಟ್ರೂವಿಯಸ್ ಗೊತ್ತಿಲ್ಲ, ಮೂರು-ನಾಲ್ಕು-ಐದರ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತು. ಬಹರೈನಿನ ಕಟ್ಟಡಗಳಲ್ಲಿ ಶಟರಿಂಗ್ ಕೆಲಸ ಮಾಡುವ ನಮ್ಮ ಕಡೆಯ ಬಡಗಿಗಳ ಚೀಲದಲ್ಲಿ ಮೂಲೆಮಟ್ಟ ಇದ್ದೇ ಇರುತ್ತೆ. ಲೆಕ್ಕಕ್ಕೆ ಬಂದರೆ ನಾರ್ಮಲ್ ಪದದ ಮೂಲ ವಾರಸುದಾರರು ಅವರೇ.

ಈ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಹೈಸ್ಕೂಲಿನ ಬೆಳಕಿನ ಪಾಠ ನೆನಪಿದೆಯಾ? ಕನ್ನಡಿಗೆ ಬೀಳುವ ಕಿರಣದ ಕೋನವನ್ನು ಅಳೆಯೋದು ‘ಲಂಬ’ದಿಂದ. ಇಂಗ್ಲಿಷ್ ಮಾಧ್ಯಮದವರಿಗೆ ಅದೇ ‘ನಾರ್ಮಲ್’. ಅಲ್ಲಿ ಸಾಮಾನ್ಯ, ಸಹಜ ಅನ್ನೋ ಅರ್ಥ ಯಾವುದೂ ಇಲ್ಲ, ಮೂಲೆಮಟ್ಟ ಇಟ್ಟ ಹಾಗೆ ನೆಟ್ಟಗೆ ನಿಂತ ಗೆರೆ, ಅಷ್ಟೇ. ಅದೇ ಮೂಲದಿಂದ ಹುಟ್ಟಿದ ಇನ್ನೊಂದು ಪದ ‘ಇನಾರ್ಮಸ್’: ಮೂಲೆಮಟ್ಟದಿಂದ ಹೊರಗೆ ಹೋದದ್ದು, ಅಳತೆ ಮೀರಿದ್ದು. ರೋಮನ್ ಕವಿ ಹೊರೇಸ್ ತನ್ನ ವಿಡಂಬನೆಯೊಂದರಲ್ಲಿ ಒಫೆಲ್ಲಸ್ ಎಂಬ ರೈತನನ್ನು ‘ಅಬ್‌ನೋರ್ಮಿಸ್’ ಅನ್ನುತ್ತಾನೆ. ಯಾವ ಗುರುಕುಲದ ಸೂತ್ರಕ್ಕೂ ಸಿಕ್ಕದೆ ತನ್ನ ಬುದ್ಧಿಯಿಂದಲೇ ತಿಳಿವಳಿಕೆ ಗಳಿಸಿದವನು ಅಂತ ಅದರ ಭಾವ. ಆ ಕಾಲಕ್ಕೆ ಅದು ಬೈಗುಳ ಆಗಿರಲಿಲ್ಲ, ಹೊಗಳಿಕೆಯಾಗಿತ್ತು.

ಮರ ಅಳೆಯುವ ಸಾಮಾನು ಮನುಷ್ಯರನ್ನು ಅಳೆಯೋಕೆ ಶುರುಮಾಡಿದ್ದು ತುಂಬಾ ತಡವಾಗಿ. ಮೊದಲು ಶಾಲೆಗೆ ಬಂತು. 1774ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತಂದ ಶಾಲಾ ಕಾನೂನಿನಲ್ಲಿ ‘ನಾರ್ಮಲ್’ ಶಾಲೆಗಳಿದ್ದವು, ಮಿಕ್ಕ ಶಾಲೆಗಳಿಗೆ ಮಾದರಿಯಾಗಿ ನಿಲ್ಲಬೇಕಾದವು. 1794ರಲ್ಲಿ ಕ್ರಾಂತಿಯ ಫ್ರಾನ್ಸ್ ಪ್ಯಾರಿಸ್ಸಿನಲ್ಲಿ ಮೇಷ್ಟರುಗಳನ್ನು ತಯಾರುಮಾಡಲು ‘ಎಕೋಲ್ ನೋರ್ಮಾಲ್’ ಸ್ಥಾಪಿಸಿತು. ಆ ಹೆಸರು ಬ್ರಿಟಿಷರ ಜೊತೆ ನಮ್ಮಲ್ಲಿಗೂ ಬಂತು. ನಮ್ಮ ತಾತ-ಮುತ್ತಾತಂದಿರ ಕಾಲದ ಕನ್ನಡ ಬರಹಗಳಲ್ಲಿ ಬರುವ ‘ನಾರ್ಮಲ್ ಸ್ಕೂಲು’ ಅಂದರೆ ಸಾಮಾನ್ಯ ಸ್ಕೂಲು ಅಂತ ಅಲ್ಲ, ಮೇಷ್ಟರ ತರಬೇತಿ ಶಾಲೆ ಅಂತ. ಹೇಗೆ ಪಾಠ ಮಾಡಬೇಕು ಅನ್ನೋದಕ್ಕೆ ಅದು ಮೂಲೆಮಟ್ಟ.

ಆಮೇಲೆ ದೇಹಕ್ಕೆ ಬಂತು. 19ನೇ ಶತಮಾನದ ಮೊದಲರ್ಧದಲ್ಲಿ ಬ್ರೂಸೆಯಂಥ ಫ್ರೆಂಚ್ ವೈದ್ಯರು ದೇಹದ ಆರೋಗ್ಯಸ್ಥಿತಿಗೆ ‘ನಾರ್ಮಲ್’ ಅಂತ ಹೆಸರಿಟ್ಟು, ರೋಗ ಅಂದರೆ ಅದರಿಂದ ಹೆಚ್ಚು-ಕಡಿಮೆ ಆಗೋದು ಅಂದರು. ತತ್ತ್ವಜ್ಞಾನಿ ಆಗಸ್ಟ್ ಕಾಂಟ್ ಅದನ್ನು ದೇಹದಿಂದ ಸಮಾಜಕ್ಕೆ ಎಳೆದ. ಅದೇ ಹೊತ್ತಿಗೆ, 1835ರಲ್ಲಿ, ಬೆಲ್ಜಿಯಂನ ಖಗೋಳಜ್ಞ ಕೆಟ್ಲೆ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟ. ಖಗೋಳದವರು ನಕ್ಷತ್ರದ ಜಾಗ ಅಳೆಯುವಾಗ ಆಗುವ ತಪ್ಪುಗಳನ್ನು ಒಂದು ಗಂಟೆಯಾಕಾರದ ರೇಖೆಯಿಂದ ಲೆಕ್ಕ ಹಾಕುತ್ತಿದ್ದರು. ಕೆಟ್ಲೆ ಆ ರೇಖೆಯನ್ನು ಸ್ಕಾಟ್ಲೆಂಡಿನ ಐದು ಸಾವಿರಕ್ಕೂ ಹೆಚ್ಚು ಸೈನಿಕರ ಎದೆಯ ಸುತ್ತಳತೆಗೆ ಹೊಂದಿಸಿ ತೋರಿಸಿದ. ನಕ್ಷತ್ರದ ಲೆಕ್ಕದಲ್ಲಿ ನಡುವಿನ ಅಂಕಿ ನಿಜ, ಅಕ್ಕಪಕ್ಕದ್ದು ತಪ್ಪು. ಮನುಷ್ಯರಿಗೆ ಅದೇ ಲೆಕ್ಕ ಹಾಕಿದಾಗ ಏನಾಯ್ತು ಊಹಿಸಿ: ನಡುವಿನವನು ಸರಿ, ಎತ್ತರ ಹೆಚ್ಚಾದವನೂ ಗಿಡ್ಡ ಇರುವವನೂ ಪ್ರಕೃತಿಯ ಕೈತಪ್ಪು!

ಆ ಗಂಟೆಯಾಕಾರದ ರೇಖೆಗೆ ‘ನಾರ್ಮಲ್’ ಅನ್ನೋ ಹೆಸರು ಅಂಟಿದ್ದು 1870ರ ದಶಕದಲ್ಲಿ, ಗಾಲ್ಟನ್ ಮೊದಲಾದವರಿಂದ. ಅದನ್ನು ಎಲ್ಲೆಡೆ ಹಬ್ಬಿಸಿದವರು ಕಾರ್ಲ್ ಪಿಯರ್ಸನ್. ನಿಮ್ಮ ಅಂಕಿಅಂಶ ಶಾಸ್ತ್ರದ ಕ್ಲಾಸಿನಲ್ಲಿ ಇವತ್ತಿಗೂ ಇದೇ ಹೆಸರು. ಸ್ವಾರಸ್ಯ ಏನಂದ್ರೆ, 1920ರಲ್ಲಿ ಸ್ವತಃ ಪಿಯರ್ಸನ್ ಅವರೇ ಈ ಹೆಸರಿನ ದೋಷ ಹೇಳಿದರು: ಇದೊಂದಕ್ಕೆ ನಾರ್ಮಲ್ ಅಂದುಬಿಟ್ಟರೆ ಮಿಕ್ಕ ರೇಖೆಗಳೆಲ್ಲ ಅಬ್‌ನಾರ್ಮಲ್ ಅಂತ ಜನ ತಿಳಿದುಬಿಡ್ತಾರೆ ಅಂತ. ಅಷ್ಟು ಹೊತ್ತಿಗೆ ಮಾತು ಕೈಮೀರಿತ್ತು.

1945ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನಡೆದ ಒಂದು ಸ್ಪರ್ಧೆಯ ಕತೆ ಕೇಳಿ. ಅಲ್ಲಿನ ಆರೋಗ್ಯ ವಸ್ತುಸಂಗ್ರಹಾಲಯದಲ್ಲಿ ‘ನೋರ್ಮಾ’ ಅನ್ನೋ ಹೆಸರಿನ ಒಂದು ಹೆಣ್ಣಿನ ಪ್ರತಿಮೆ ಇತ್ತು. ಹದಿನೈದು ಸಾವಿರದಷ್ಟು ಬಿಳಿಯ ಅಮೆರಿಕನ್ ಯುವತಿಯರ ಮೈಯಳತೆಯ ಸರಾಸರಿ ತೆಗೆದು ಮಾಡಿದ ಪ್ರತಿಮೆ. ಪತ್ರಿಕೆಯೊಂದು ‘ನೋರ್ಮಾಳನ್ನು ಹೋಲುವ ಹೆಣ್ಣು ಯಾರು?’ ಅಂತ ಸ್ಪರ್ಧೆ ಇಟ್ಟಿತು. 3,864 ಹೆಂಗಸರು ತಮ್ಮ ಅಳತೆ ಕಳಿಸಿದರು. ಒಂಬತ್ತೂ ಅಳತೆಗಳು ಕೂಡಿಬಂದ ಒಬ್ಬಳೂ ಸಿಗಲಿಲ್ಲ. ಎಲ್ಲರಿಂದ ಕೂಡಿ ಮಾಡಿದ ‘ನಾರ್ಮಲ್’ಗೆ ಯಾರೊಬ್ಬರೂ ಹೊಂದಲಿಲ್ಲ ಅಂದರೆ, ಆ ಅಳತೆಯನ್ನು ಅನುಮಾನಿಸಬೇಕಿತ್ತು ಅಲ್ವಾ? ಅಲ್ಲಿ ಹಲವರಿಗೆ ತೋಚಿದ್ದು ಬೇರೆ. ನಮ್ಮ ಹೆಣ್ಣುಮಕ್ಕಳ ಮೈಕಟ್ಟು ಹಾಳಾಗಿದೆ, ವ್ಯಾಯಾಮ ಮಾಡಿಸಬೇಕು ಅಂತ!

ಆಸ್ಪತ್ರೆಯಲ್ಲಿ ನಾರ್ಮಲ್ ಅಂದರೆ

ಈಗ ರಿಪೋರ್ಟಿಗೆ ಬರೋಣ. ರಕ್ತಪರೀಕ್ಷೆಯ ಹಾಳೆಯಲ್ಲಿ ನಿಮ್ಮ ಅಂಕಿಯ ಪಕ್ಕ ಒಂದು ‘ನಾರ್ಮಲ್ ರೇಂಜ್’ ಇರುತ್ತೆ. ಅದನ್ನು ಸಾಮಾನ್ಯವಾಗಿ ಮಾಡೋದು ಹೀಗೆ: ಆರೋಗ್ಯವಂತರು ಅನ್ನಿಸಿಕೊಂಡ ಒಂದಷ್ಟು ಜನರ ರಕ್ತ ಪರೀಕ್ಷಿಸಿ, ನಡುವಿನ ಶೇಕಡಾ 95 ಮಂದಿಯ ಅಂಕಿಗಳನ್ನು ಒಳಗಿಟ್ಟುಕೊಂಡು, ಎರಡೂ ತುದಿಯ ಎರಡೂವರೆ ಶೇಕಡಾವನ್ನು ಹೊರಗೆ ಬಿಡೋದು. ಅಂದರೆ ಹೊರಗೆ ಬಿದ್ದ ಆ 5 ಶೇಕಡಾ ಜನರೂ ಆರೋಗ್ಯವಂತರೇ! ಇದರಿಂದ ಒಂದು ವಿಚಿತ್ರ ಲೆಕ್ಕ ಹುಟ್ಟುತ್ತೆ. ಪೂರ್ತಿ ಆರೋಗ್ಯವಾಗಿರುವ ಒಬ್ಬರಿಗೆ, ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದರೆ, ಕನಿಷ್ಠ ಒಂದಾದರೂ ‘ಅಬ್‌ನಾರ್ಮಲ್’ ಅಂತ ಬರುವ ಸಾಧ್ಯತೆ ಸುಮಾರು ಶೇಕಡಾ 64. ‘ಫುಲ್ ಬಾಡಿ ಚೆಕಪ್’ ಮಾಡಿಸಿದ ಅಪ್ಪ, ದಪ್ಪ ಅಕ್ಷರದಲ್ಲಿ ಬಂದ ಒಂದು ಅಂಕಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ರಾತ್ರಿಯೆಲ್ಲ ನಿದ್ದೆಗೆಡೋದು ಸುಮ್ಮನೆ ಅಲ್ಲ. ಆ ಅಂಕಿಗೆ ಏನು ಅರ್ಥ ಅಂತ ಡಾಕ್ಟರು ಅವರ ಮೈ, ವಯಸ್ಸು, ಹಿಂದಿನ ಕಾಯಿಲೆ ಎಲ್ಲಾ ನೋಡಿ ಹೇಳಬೇಕು. ಹಾಳೆ ತಾನಾಗಿ ಹೇಳಲ್ಲ.

ತೂಕದ ಲೆಕ್ಕವನ್ನೇ ನೋಡಿ. ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ 25ರೊಳಗಿದ್ದರೆ ನಾರ್ಮಲ್ ಅಂತ ಅಂತಾರಾಷ್ಟ್ರೀಯ ಕೋಷ್ಟಕ. ಆದರೆ ಏಷ್ಯಾದ ಜನರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಕಡಿಮೆ ತೂಕದಲ್ಲೇ ಹತ್ತಿರ ಬರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ 23ರಿಂದಲೇ ಎಚ್ಚರ ವಹಿಸಿ ಅಂದರು. ಭಾರತದ ವೈದ್ಯರೂ ಆ 23ನ್ನೇ ಗೆರೆಯಾಗಿ ಇಟ್ಟುಕೊಂಡರು. ಈಗ ಬಿಎಂಐ 24 ಇರುವ ಕನ್ನಡದ ಹುಡುಗ ಒಂದು ಕೋಷ್ಟಕದಲ್ಲಿ ನಾರ್ಮಲ್, ಇನ್ನೊಂದರಲ್ಲಿ ಅಲ್ಲ. ಹುಡುಗ ಬದಲಾಗಲಿಲ್ಲ, ಮೂಲೆಮಟ್ಟ ಬದಲಾಯ್ತು.

ಬಾಟಲಿಯಲ್ಲಿ ನೇತಾಡುವ ‘ನಾರ್ಮಲ್ ಸಲೈನ್’ ಕೂಡ ಹೆಸರಿಗೆ ತಕ್ಕ ಹಾಗಿಲ್ಲ. ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. ರಸಾಯನಶಾಸ್ತ್ರದವರ ಲೆಕ್ಕದಲ್ಲಿ ಉಪ್ಪಿನ ‘ಒನ್ ನಾರ್ಮಲ್’ ದ್ರಾವಣಕ್ಕೆ ಲೀಟರಿಗೆ ಸುಮಾರು 58.5 ಗ್ರಾಂ ಬೇಕು. ಹೋಗಲಿ, ರಕ್ತದ ಹಾಗಿದೆಯಾ ಅಂದರೆ ಅದೂ ಪೂರ್ತಿ ಇಲ್ಲ. ರಕ್ತದ ನೀರಿಗಿಂತ ಅದರಲ್ಲಿ ಕ್ಲೋರೈಡ್ ಸಾಕಷ್ಟು ಹೆಚ್ಚು. ಆದರೂ ಹೆಸರು ನಿಂತುಬಿಟ್ಟಿದೆ. ಎಲ್ಲರೂ ಕರೆಯೋದರಿಂದ ನಾರ್ಮಲ್!

ಬಹರೈನಿಗೇ ಸೇರಿದ ಇನ್ನೊಂದು ಉದಾಹರಣೆ ಕೊಡ್ತೀನಿ. ಈ ನಾಡಿನಲ್ಲಿ ಕುಡುಗೋಲು ಕಣದ ರಕ್ತರೋಗ, ಅಂದರೆ ಸಿಕಲ್ ಸೆಲ್, ಬಹಳ ಮನೆಗಳ ಸಂಕಟ. ಅದಕ್ಕೇ ಮದುವೆಗೆ ಮುಂಚೆ ರಕ್ತ ತಪಾಸಣೆ ಮಾಡಿಸಲೇಬೇಕು ಅಂತ 2004ರಲ್ಲಿ ಕಾನೂನು ಬಂತು. ಇದು ಅರಬ್ಬರ ರೋಗ ಅಂತ ನಾವು ಅಂದುಕೊಳ್ಳೋದು ಬೇಡ. ಭಾರತದಲ್ಲಿ ಇದನ್ನು 1952ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿ ಬೆಟ್ಟಗಳ ಜನರಲ್ಲಿ. ಅಪ್ಪ-ಅಮ್ಮ ಇಬ್ಬರಿಂದಲೂ ಆ ಜೀನ್ ಬಂದರೆ ರೋಗ, ನೋವು, ಆಸ್ಪತ್ರೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ, ಮೇಲಾಗಿ ಭಾರೀ ಮಲೇರಿಯಾದಿಂದ ರಕ್ಷಣೆ. ಆಲಿಸನ್ ಎಂಬ ವಿಜ್ಞಾನಿ 1954ರಲ್ಲಿ ಇದನ್ನು ತೋರಿಸಿಕೊಟ್ಟರು. ಸೊಳ್ಳೆ, ಮಲೇರಿಯಾ ತುಂಬಿದ ಊರಲ್ಲಿ ಮಗು ಬದುಕಿ ಉಳಿಯೋಕೆ ಸಹಾಯ ಮಾಡಿದ ರಕ್ತ ಅದು. ಮಲೇರಿಯಾ ಹೋದ ಮೇಲೆ ಅದೇ ರಕ್ತಕ್ಕೆ ನಾವು ‘ಅಬ್‌ನಾರ್ಮಲ್’ ಅಂತೀವಿ. ಫ್ರಾನ್ಸಿನ ವೈದ್ಯ-ತತ್ತ್ವಜ್ಞಾನಿ ಜಾರ್ಜ್ ಕಾಂಗಿಲೆಮ್ ತಮ್ಮ 1943ರ ಪ್ರಬಂಧದಲ್ಲಿ ವಾದಿಸಿದ್ದು ಇಂಥದ್ದನ್ನೇ: ಯಾವ ಜೀವಿಯೂ ತಾನಿರುವ ಪರಿಸರ ಬಿಟ್ಟು ನಾರ್ಮಲ್ ಅಥವಾ ಅಬ್‌ನಾರ್ಮಲ್ ಆಗಲ್ಲ. ಬದಲಾದ ಪರಿಸ್ಥಿತಿಗೆ ಹೊಸ ರೀತಿ ಕಂಡುಕೊಳ್ಳುವ ಶಕ್ತಿಯೇ ಆರೋಗ್ಯ.

ಮಾಮೂಲಿ ಮಾತು

ಹಾಗಾದರೆ ಬೇರೆ ಭಾಷೆಯವರು ಏನಂತಾರೆ? ಯೂರೋಪಿನ ಬಹುಪಾಲು ಭಾಷೆಗಳು ಈ ಲ್ಯಾಟಿನ್ ಪದವನ್ನೇ ಇಟ್ಟುಕೊಂಡಿವೆ. ರಷ್ಯಾದಲ್ಲಿ ಎಂಬಿಬಿಎಸ್ ಓದುವ ನಮ್ಮ ಗೆಳೆಯರನ್ನು ಕೇಳಿ, ‘ಹೇಗಿದ್ದೀರಿ?’ ಅಂದರೆ ಅಲ್ಲಿನವರು ‘ನರ್ಮಾಲ್ನ’ ಅಂತಾರೆ, ಅಂದರೆ ‘ಪರವಾಗಿಲ್ಲ, ನಡೀತಿದೆ’ ಅಂತ.

ಬಹರೈನಿನಲ್ಲಿ ಒಂದು ವಾರ ಇದ್ದವರಿಗೂ ಬರುವ ಅರಬ್ಬಿ ಪದ ‘ಆದಿ’. ಕೈ ತಪ್ಪಿ ಚಹಾ ಚೆಲ್ಲಿದರೆ ‘ಆದಿ, ಆದಿ’: ಪರವಾಗಿಲ್ಲ, ಆಗುತ್ತೆ. ಇದು ‘ಆದತ್’ ಅನ್ನೋ ರೂಢಿಯ ಪದದ ಮನೆಯದು, ಆ ಧಾತುವಿನ ಅರ್ಥ ‘ಮರಳಿ ಬರೋದು’. ವರ್ಷ ವರ್ಷ ಮರಳಿ ಬರುವ ಈದ್ ಹಬ್ಬವನ್ನೂ ಅರಬ್ಬಿ ನಿಘಂಟುಕಾರರು ಅದೇ ಧಾತುವಿಗೆ ಸೇರಿಸುತ್ತಾರೆ. ಆಸ್ಪತ್ರೆಯಲ್ಲಿ ಇನ್ನೊಂದು ಪದ, ‘ತಬೀಇ’. ನಾರ್ಮಲ್ ಹೆರಿಗೆಗೂ ಅದೇ. ಅದರ ಧಾತು ‘ಅಚ್ಚೊತ್ತುವುದು’. ಮುದ್ರಣಾಲಯಕ್ಕೆ ಅರಬ್ಬಿಯಲ್ಲಿ ‘ಮತ್‌ಬಆ’. ಹುಟ್ಟುವಾಗಲೇ ಪ್ರಕೃತಿ ಒತ್ತಿದ ಅಚ್ಚು ಅಂತ ಇಟ್ಟುಕೊಳ್ಳಿ. ಹೀಗೆ ಒಬ್ಬರು ಮೂಲೆಮಟ್ಟ ಹಿಡಿದರು, ಇನ್ನೊಬ್ಬರು ಮರಳಿ ಬರುವುದನ್ನು ನೋಡಿದರು, ಅಚ್ಚನ್ನು ನೋಡಿದರು.

ನಮ್ಮ ಕನ್ನಡದ ಗಂಟು ಬಿಚ್ಚಿದರೆ ಒಂದಲ್ಲ, ಹಲವು. ‘ಸಹಜ’ ಅಂದರೆ ಜೊತೆಗೇ ಹುಟ್ಟಿದ್ದು. ‘ಸಾಮಾನ್ಯ’ ಅಂದರೆ ಎಲ್ಲರಿಗೂ ಸಮಾನವಾಗಿ ಇರೋದು. ‘ರೂಢಿ’ ಅಂದರೆ ಬೆಳೆದು ಬಂದದ್ದು. ‘ವಾಡಿಕೆ’ ಇದೆ, ‘ಎಂದಿನಂತೆ’ ಇದೆ. ನಾರ್ಮಲ್ ಡೆಲಿವರಿಗೆ ನಮ್ಮ ಹಿರಿಯರು ‘ಸುಖಪ್ರಸವ’ ಅಂದರು; ಅಲ್ಲಿ ಅಳತೆ ಇಲ್ಲ, ತಾಯಿಯ ಸುಖ ಇದೆ. ಮೈ ಹೇಗಿದೆ ಅಂತ ಕೇಳೋಕೆ ಧಾರವಾಡದ ಕಡೆ ‘ಆರಾಮ ಅದೀರಿ?’, ಮೈಸೂರು ಕಡೆ ‘ಹುಷಾರಾಗಿದ್ದೀರಾ?’, ಮಂಗಳೂರು ಕಡೆ ‘ಸೌಖ್ಯವಾ?’. ಇದರಲ್ಲಿ ಆರಾಮ, ಹುಷಾರು ಪಾರಸಿಯಿಂದ ಬಂದವು, ಆದರೂ ನಮ್ಮವೇ. ಮೂರೂ ಪ್ರಶ್ನೆಗಳು ಮನುಷ್ಯನಿಗೆ ಹೇಗನ್ನಿಸುತ್ತಿದೆ ಅಂತ ಕೇಳುತ್ತವೆ. ‘ನಾರ್ಮಲ್ಲಾ?’ ಅನ್ನೋ ಪ್ರಶ್ನೆ ಅವನು ಅಳತೆಗೆ ಕೂಡ್ತಾನಾ ಅಂತ ಕೇಳುತ್ತೆ.

ಅಂತ ನಮ್ಮ ಪದಗಳೆಲ್ಲ ಚಿನ್ನ ಅಂತ ಬೀಗೋದು ಬೇಡ. ‘ಮಾನದಂಡ’ ಅಂದರೂ ಅಳೆಯುವ ಕೋಲೇ. ಆ ದಂಡದಿಂದಲೇ ಹೊಡೆಯಲೂಬಹುದು. ‘ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ’ ಅಂತ ಗಾದೆ ಮಾಡಿದವರು ನಾವೇ. ಎಲ್ಲಕ್ಕಿಂತ ದೊಡ್ಡ ಪಾಠ ‘ಮಾಮೂಲಿ’ ಪದದಲ್ಲಿದೆ. ಇದು ಅರಬ್ಬಿಯ ‘ಮಅಮೂಲ್’, ‘ಮಾಡಿದ್ದು’ ಅಂತ ಅರ್ಥ. ಈದ್ ಹೊತ್ತಿಗೆ ಅರಬ್ಬರ ಮನೆಗಳಲ್ಲಿ ಮಾಡುವ, ಖರ್ಜೂರ ತುಂಬಿದ ಬಿಸ್ಕತ್ತಿನ ಹೆಸರೂ ಅದೇ. ಅದೇ ಧಾತುವಿನಿಂದ ಬಂದದ್ದು ಕೆಲಸಗಾರನಿಗೆ ಇಲ್ಲಿ ಹೇಳುವ ‘ಆಮಿಲ್’, ಹಳೆ ಮೈಸೂರಿನ ನಮ್ಮ ‘ಅಮಲ್ದಾರ’. ಈ ಪದ ಹಿಂದಿಯಲ್ಲಿ ‘ಮಾಮೂಲಿ’ ಆಗಿ ಕ್ಷುಲ್ಲಕ ಅನ್ನೋ ಅರ್ಥ ಪಡೆಯಿತು. ಕನ್ನಡದಲ್ಲಿ ಎಂದಿನದು, ವಾಡಿಕೆಯದು ಅಂತ ಆಯ್ತು. ಅದರ ಅಣ್ಣ ‘ಮಾಮೂಲು’ ಮಾತ್ರ ಬೇರೆ ದಾರಿ ಹಿಡಿದ. ಮೊದಲು ವಾಡಿಕೆಯಂತೆ ಕೊಡುವ ಕಾಣಿಕೆ, ಆಮೇಲೆ ಕೊಡಲೇಬೇಕಾದ ಕಾಣಿಕೆ, ಕೊನೆಗೆ ಶುದ್ಧ ಲಂಚ. ‘ಎಲ್ಲರೂ ಕೊಡ್ತಾರೆ’ ಅನ್ನೋದು ‘ನೀನೂ ಕೊಡಬೇಕು’ ಆಗೋದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುದ್ದಿ ತೀರ್ಪಾಗೋದು ಅಂತ ನಾನು ಹೇಳಿದ್ದು ಇದನ್ನೇ. ಲ್ಯಾಟಿನ್ನಿನ ಮೂಲೆಮಟ್ಟ ಎರಡು ಸಾವಿರ ವರ್ಷದಲ್ಲಿ ಮಾಡಿದ ಕೆಲಸವನ್ನು ನಮ್ಮ ಮಾಮೂಲು ಇನ್ನೂ ಬೇಗ ಮಾಡಿ ಮುಗಿಸಿತು.

ನಮಗೇನು?

ವಿದೇಶದಲ್ಲಿ ಓದುವ ನಮಗೆ ಇದರಿಂದ ಏನಾಗಬೇಕು ಅಂತ ಕೇಳಬಹುದು. ಮೂರು ಕಡೆ ಆಗಬೇಕು ಅಂತ ನನ್ನ ಅಭಿಪ್ರಾಯ.

ಮೊದಲನೆಯದು, ನಾವು ದುಭಾಷಿಗಳಾಗುವ ಹೊತ್ತು. ಗಲ್ಫಿನಲ್ಲಿ ಕನ್ನಡದ ಹುಡುಗ-ಹುಡುಗಿಯರಿಗೆ ಈ ಕೆಲಸ ಒಂದಲ್ಲ ಒಂದು ದಿನ ಬರುತ್ತೆ. ಕಟ್ಟಡದ ಕೆಲಸಕ್ಕೆ ಬಂದ ಅಣ್ಣನೊಬ್ಬನಿಗೆ ಭುಜನೋವು ಅಂತ ಇಟ್ಟುಕೊಳ್ಳಿ. ಎಕ್ಸ್‌ರೇ ತೆಗೆಸಿದ್ದಾಯ್ತು, ‘ನಾರ್ಮಲ್’ ಅಂತ ಬಂತು. ನಾವು ಅದನ್ನು ಹಾಗೇ ದಾಟಿಸಿದರೆ ಅವನಿಗೆ ಕೇಳಿಸೋದು ‘ನಿನಗೇನೂ ಆಗಿಲ್ಲ’ ಅಂತ. ಕೋಣೆಯ ಜೊತೆಗಾರರಿಗೆ ಕೇಳಿಸೋದು ‘ಸುಮ್ಮನೆ ರಜಾ ಹಾಕೋಕೆ ನೆಪ’ ಅಂತ. ನೋವು ಮಾತ್ರ ಭುಜದಲ್ಲೇ ಇರುತ್ತೆ. ಎಕ್ಸ್‌ರೇ ಹೇಳಿದ್ದು ಮೂಳೆಯ ವಿಷಯ. ಸ್ನಾಯು, ನರಗಳ ವಿಷಯ ಅದು ಅಷ್ಟಾಗಿ ಹೇಳಲ್ಲ. ಆಗ ನಾವು ಹೇಳಬೇಕಾದ್ದು: ‘ಅಣ್ಣ, ಮೂಳೆ ಮುರಿದಿಲ್ಲ, ಅಷ್ಟು ಗೊತ್ತಾಗಿದೆ. ನೋವು ಯಾಕೆ ಅನ್ನೋದು ಇನ್ನೂ ನೋಡಬೇಕು. ಡಾಕ್ಟರಿಗೆ ಇನ್ನೊಂದು ಸಲ ಕೇಳ್ಲಾ?’ ನಾಲ್ಕು ವಾಕ್ಯ ಹೆಚ್ಚು ಮಾತಾಡಿದರೆ ಒಬ್ಬನ ಕೆಲಸ, ಮರ್ಯಾದೆ ಎರಡೂ ಉಳಿಯಬಹುದು. ಮನೆಯ ಹಿರಿಯರ ರಿಪೋರ್ಟಿಗೂ ಇದೇ ಮಾತು. ‘ನಾರ್ಮಲ್ ಅಂತೆ’ ಅಂತ ಫೋನ್ ಇಡುವ ಮೊದಲು, ‘ಏನು ನಾರ್ಮಲ್? ಹೋದ ಸಲ ಎಷ್ಟಿತ್ತು? ನಿಮಗೆ ಹೇಗನ್ನಿಸ್ತಿದೆ?’ ಅಂತ ಮೂರು ಪ್ರಶ್ನೆ ಕೇಳೋಣ.

ಎರಡನೆಯದು, ಮನುಷ್ಯರಿಗೆ ಹಚ್ಚುವ ಹೊತ್ತು. ‘ನಾರ್ಮಲ್ ಮಕ್ಕಳ ಜೊತೆ ಸೇರಿಸಬೇಡಿ’ ಅಂತ ಅಂಗವೈಕಲ್ಯ ಇರುವ ಮಗುವಿನ ಬಗ್ಗೆ ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ. ಹೇಳಬೇಕಾದ್ದು ‘ಈ ಮಗುವಿಗೆ ಕಿವಿ ಕೇಳಿಸಲ್ಲ’ ಅಂತಿದ್ದರೆ ಅದನ್ನೇ ಹೇಳೋಣ. ಮುಂದಿನ ಬೆಂಚು, ಸನ್ನೆ ಭಾಷೆ, ಶ್ರವಣ ಸಾಧನ, ಏನು ಬೇಕು ಅನ್ನೋದು ಆ ಮಾತಿನಿಂದ ಗೊತ್ತಾಗುತ್ತೆ. ‘ನಾರ್ಮಲ್ ಅಲ್ಲ’ ಅನ್ನೋ ಮಾತಿನಿಂದ ಏನೂ ಗೊತ್ತಾಗಲ್ಲ, ಬಾಗಿಲು ಮುಚ್ಚೋದು ಮಾತ್ರ. ನಮ್ಮ ಸಂಘದೊಳಗೂ ಇದಕ್ಕೊಂದು ಸಣ್ಣ ರೂಪ ಇದೆ. ಬೆಂಗಳೂರಿನವರ ‘ಬರ್ತೀನಿ’ ನಾರ್ಮಲ್ ಕನ್ನಡ, ಧಾರವಾಡದವರ ‘ಬರ್ತೀನ್ರಿ’, ಮಂಗಳೂರಿನವರ ‘ಬರ್ತೇನೆ’, ಕುಂದಾಪುರದವರ ‘ಬತ್ತೆ’ ತಮಾಷೆಯ ಕನ್ನಡ ಅಂತ ಯಾರು ತೀರ್ಮಾನ ಮಾಡಿದ್ದು? ಸಿನಿಮಾ, ಟೀವಿಯಲ್ಲಿ ಹೆಚ್ಚು ಕೇಳಿಸುತ್ತೆ ಅನ್ನೋದು ಸುದ್ದಿ. ಅದೇ ಸರಿ ಅನ್ನೋದು ನಾವು ಸೇರಿಸಿದ ತೀರ್ಪು. ಕಾಸರಗೋಡಿನಿಂದ ಬಂದ ಹುಡುಗಿ ವೇದಿಕೆ ಹತ್ತೋಕೆ ಹಿಂಜರಿದರೆ ಆ ತೀರ್ಪಿನ ದಂಡ ಕಟ್ಟಿದವಳು ಅವಳೇ.

ಮೂರನೆಯದು, ನಮಗೆ ನಾವೇ ಹೇಳಿಕೊಳ್ಳುವ ಹೊತ್ತು. ಮೊದಲ ವರ್ಷ, ಮೊದಲ ರಂಜಾನ್ ರಜೆ, ಮೊದಲ ದೀಪಾವಳಿ ಮನೆಯಿಂದ ದೂರ. ಅಮ್ಮ ಕೇಳ್ತಾರೆ, ನಾವು ‘ಎಲ್ಲಾ ನಾರ್ಮಲ್’ ಅಂತೀವಿ. ಗೆಳೆಯ ಬೇಜಾರು ಹೇಳಿಕೊಂಡರ ‘ಇದೆಲ್ಲ ನಾರ್ಮಲ್ ಬಿಡೋ’ ಅಂತೀವಿ. ಈ ಮಾತಿನಲ್ಲಿ ಸಮಾಧಾನ ಇಲ್ಲ ಅಂತ ನಾನು ಹೇಳಲ್ಲ. ‘ನೀನೊಬ್ಬನೇ ಅಲ್ಲ, ಎಲ್ಲರಿಗೂ ಹೀಗಾಗುತ್ತೆ’ ಅಂತ ಕೇಳಿದರೆ ಜೀವಕ್ಕೆ ಹಾಯೆನಿಸುತ್ತೆ. ಆದರೆ ಎಲ್ಲರಿಗೂ ಆಗುವ ನೋವು ನೋವಾಗದೆ ಇರಲ್ಲ. ಜ್ವರವೂ ಎಲ್ಲರಿಗೂ ಬರುತ್ತೆ, ಆದರೂ ಔಷಧಿ ತಗೋತೀವಿ. ಹದಿನೈದು ದಿನದಿಂದ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಕ್ಲಾಸಿಗೆ ಹೋಗೋಕೆ ಮನಸ್ಸಿಲ್ಲ ಅಂದರೆ ಅದು ಎಷ್ಟು ಜನರಿಗೆ ಆಗುತ್ತೆ ಅನ್ನೋ ಲೆಕ್ಕ ಯಾಕೆ? ಸಹಾಯ ಕೇಳಬೇಕು. ‘ನಾರ್ಮಲ್ ಬಿಡೋ’ ಅನ್ನೋ ಕಡೆ ‘ಎಷ್ಟು ದಿನದಿಂದ ಹೀಗೆ? ಬಾ, ಊಟ ಮಾಡ್ತಾ ಮಾತಾಡೋಣ’ ಅಂದರೆ ಸಾಕು, ಅರ್ಧ ಕೆಲಸ ಆಯ್ತು.

ವಿರೋಧದ ಮಾತೂ ಇದೆ, ಅದನ್ನೂ ಹೇಳಿಬಿಡ್ತೀನಿ. ಅಳತೆಯೇ ಬೇಡ ಅಂದರೆ ಆಸ್ಪತ್ರೆ ನಡೆಯುತ್ತಾ? ನಡೆಯಲ್ಲ. ಸಕ್ಕರೆ ಎಷ್ಟು, ಬಿಪಿ ಎಷ್ಟು ಅಂತ ಗೆರೆ ಎಳೆಯದೆ ಡಾಕ್ಟರು ಔಷಧಿ ಕೊಡೋಕಾಗಲ್ಲ. ಆ ಗೆರೆಗಳಿಂದ ಉಳಿದ ಜೀವಗಳು ಲೆಕ್ಕವಿಲ್ಲದಷ್ಟು. ಮೂಲೆಮಟ್ಟ ಇಲ್ಲದೆ ಬಾಗಿಲೂ ಕೂರಲ್ಲ. ಆದರೆ ಒಳ್ಳೆಯ ಬಡಗಿಯನ್ನು ಗಮನಿಸಿ. ಮೂಲೆಮಟ್ಟ ಇಡುವ ಮೊದಲು ಅವನು ಮರದ ಎಳೆ ಯಾವ ಕಡೆ ಓಡಿದೆ ಅಂತ ನೋಡ್ತಾನೆ. ಗಂಟು ಎಲ್ಲಿದೆ ಅಂತ ಕೈಯಾಡಿಸ್ತಾನೆ. ಗೋಡೆಯೇ ವಾಲಿದ್ದರೆ ಚೌಕಟ್ಟನ್ನು ಅದಕ್ಕೆ ತಕ್ಕಂತೆ ಕೂರಿಸ್ತಾನೆ. ಕೆಲಸ ಮುಗಿದ ಮೇಲೆ ಮೂಲೆಮಟ್ಟವನ್ನು ಚೀಲಕ್ಕೆ ಹಾಕಿಕೊಂಡು ಹೋಗ್ತಾನೆ, ದಾರಿಯಲ್ಲಿ ಸಿಕ್ಕವರ ಮೈಗೆಲ್ಲ ಇಟ್ಟು ನೋಡಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ನಾರ್ಮಲ್ ಪದ ಇರಲಿ, ನೀರಿಗೆ, ಸಲೈನಿಗೆ, ಲಂಬ ಗೆರೆಗೆ ಧಾರಾಳವಾಗಿ ಇರಲಿ. ಮನುಷ್ಯರ ವಿಷಯ ಬಂದಾಗ ಮಾತ್ರ ಒಂದು ಕ್ಷಣ ತಡೆದು, ನಾನು ಹೇಳ್ತಿರೋದು ‘ವಾಡಿಕೆ’ಯಾ, ‘ಸಹಜ’ವಾ, ‘ಆರೋಗ್ಯ’ವಾ, ‘ಸರಿ’ಯಾ ಅಂತ ಆರಿಸಿಕೊಳ್ಳೋಣ. ನಾಲ್ಕಕ್ಕೂ ಬೇರೆ ಬೇರೆ ಪದ ನಮ್ಮ ಭಾಷೆಯಲ್ಲಿವೆ, ಹುಡುಕಿಕೊಂಡು ನಿಘಂಟಿಗೆ ಹೋಗಬೇಕಾಗಿಲ್ಲ, ಅಜ್ಜಿಗೆ ಫೋನ್ ಮಾಡಿದರೂ ಸಾಕು. ಯಾರಾದರೂ ನಿಮ್ಮನ್ನೇ ‘ನೀನು ನಾರ್ಮಲ್ ಅಲ್ಲ’ ಅಂದರೆ ಜಗಳಕ್ಕೆ ಹೋಗಬೇಡಿ. ಶಾಂತವಾಗಿ ಕೇಳಿ: ‘ಯಾವ ಅಳತೆಗೆ? ಆ ಅಳತೆ ಮಾಡಿದವರು ಯಾರು?’